ಹತ್ತಡಿ ದೋಣಿಗೆ ರಾಡ್ ಹೋಲ್ಡರ್: ಕೆರೆಗೆ ಹೋದದ್ದು, ಉಳಿದದ್ದು

ಎರಡು ವರ್ಷದಲ್ಲಿ ನಾಲ್ಕು ಮೀನಿನ ರಾಡ್ ಮುರಿದುಕೊಂಡಿದ್ದೇನೆ. ಒಂದನ್ನೂ ಮೀನು ಮುರಿದಿಲ್ಲ. ಮೊದಲನೆಯದರ ತುದಿಯನ್ನು ನಮ್ಮನೆ ಹಾಲಿನ ಫ್ಯಾನು ತಿಂದಿತು. ಎರಡನೆಯದು ಓಮ್ನಿಯ ಹಿಂದಿನ ಬಾಗಿಲಿಗೆ ಸಿಕ್ಕಿತು. ಉಳಿದೆರಡು ದೋಣಿಯೊಳಗೇ ಕಾಲ್ತುಳಿತಕ್ಕೆ ಹೋದವು. ಒಂದನ್ನು ತುಳಿದವನು ನಾನು, ಇನ್ನೊಂದನ್ನು ನನ್ನ ಭಾವಮೈದ. ಅವನು ತುಳಿದಾಗ ನಾನು ಬೈದದ್ದು ದಂಡೆಯವರಿಗೂ ಕೇಳಿಸಿತಂತೆ. ನಾನು ತುಳಿದಾಗ ಅವನು ಏನೂ ಅನ್ನಲಿಲ್ಲ, ಬೇರೆ ಕಡೆ ನೋಡಿಕೊಂಡು ನಕ್ಕ.

ಅದಾದ ಮೇಲೆ ರಾಡ್ ಕೊಳ್ಳೋದು ನಿಲ್ಲಿಸಿ, ರಾಡ್ ಇಡೋ ಸಾಮಾನು ಕೊಳ್ಳೋಕೆ ಶುರು ಮಾಡಿದೆ. ಮೂರು ಬಗೆಯದನ್ನು ಹಾಕಿ ನೋಡಿದ್ದೇನೆ. ದುಡ್ಡು ನನ್ನದೇ, ತೂತು ಕೊರೆದದ್ದೂ ನನ್ನ ದೋಣಿಗೇ.

ನನ್ನದು ಮಂಡ್ಯದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ತಲೆ ಎತ್ತೋಕೆ ಬಿಡುವಿಲ್ಲ. ಕಬ್ಬಿಗೆ ನೀರೆತ್ತೋ ಪಂಪ್‌ಸೆಟ್ ಮೋಟಾರುಗಳು ಸುಟ್ಟುಕೊಂಡು ಸಾಲಾಗಿ ಬರುತ್ತವೆ. ಮಳೆ ಹಿಡಿದು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಮೇಲೆ ಅಂಗಡಿ ಮುಂದೆ ನಾಯಿ ಮಲಗಿರುತ್ತೆ. ಆಗ ನಾನು ಪಾಂಡವಪುರದ ಕಡೆ ಇರುವ ನಮ್ಮೂರಿಗೆ ಹೊರಡುತ್ತೇನೆ. ಊರ ಕೆರೆಯ ಮೀನು ಹರಾಜು ಹಿಡಿದಿರುವವರು ನಮಗೆ ದೂರದ ದಾಯಾದಿಗಳು. ಗಾಳ ಹಾಕೋಕೆ ಅಡ್ಡಿಯಿಲ್ಲ. ಸಿಕ್ಕಿದ್ದನ್ನು ಅವರ ತಕ್ಕಡಿಯಲ್ಲಿ ತೂಗಿಸಿ ದುಡ್ಡು ಕೊಟ್ಟು ಬರಬೇಕು. ಅಷ್ಟೇ ಕರಾರು.

ಮೊದಲು ಅವರದೇ ತೆಪ್ಪದಲ್ಲಿ ಹೋಗುತ್ತಿದ್ದೆ. ತೆಪ್ಪಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ, ಗಾಳಿ ಬೀಸಿದರೆ ಬುಗುರಿ. ಬಲಗಡೆ ಹಾಕಿದ ದಾರ ಐದು ನಿಮಿಷಕ್ಕೆ ಎಡಗಡೆ ಇರುತ್ತೆ. ಅಲ್ಲಿ ಯಾವ ಹೋಲ್ಡರೂ ಕೆಲಸಕ್ಕೆ ಬರಲ್ಲ, ರಾಡನ್ನು ತೊಡೆ ಮೇಲೆ ಇಟ್ಟುಕೊಂಡು ಕೂರೋದೇ ಸರಿ. ಆಮೇಲೆ ಹತ್ತಡಿಯ ಒಂದು ಫೈಬರ್ ದೋಣಿ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಟಾಟಾ ಏಸ್ ಮೇಲೆ ಹಾಕಿಸಿಕೊಂಡು ಬಂದೆ. ಹತ್ತಡಿ ಅಂದರೆ ಕೇಳೋಕೆ ದೊಡ್ಡದು. ಇಬ್ಬರು ಆಳು, ಎರಡು ಹುಟ್ಟು, ಕೈಬಲೆ, ನೀರಿನ ಕ್ಯಾನು, ಹಿಟ್ಟಿನ ಬೇಸಿನ್, ಬುತ್ತಿ ಇಟ್ಟ ಮೇಲೆ ಏಳಡಿ ಉದ್ದದ ನಾಲ್ಕು ರಾಡಿಗೆ ಜಾಗ ಎಲ್ಲಿ? ಎಲ್ಲವೂ ನೆಲದ ಮೇಲೆ. ಎದ್ದು ನಿಂತರೆ ಕಾಲಡಿ ಪಟ್ ಅನ್ನುತ್ತೆ.

ನಾವು ಹಿಡಿಯೋ ಮೀನು ಯಾವುದು ಅಂತಲೂ ಹೇಳಿಬಿಡಬೇಕು, ಯಾಕೆಂದರೆ ಹೋಲ್ಡರ್ ಬೇಕೋ ಬೇಡವೋ ಅನ್ನೋದು ಅದರ ಮೇಲೇ ನಿಂತಿದೆ. ಕೊರವ ಮೀನಿಗೆ ಕಪ್ಪೆ ಬೊಂಬೆ ಎಸೆದು ಎಳೆಯುವವರಿಗೆ ರಾಡು ಕೈಯಲ್ಲೇ ಇರುತ್ತೆ. ನಮ್ಮದು ಕಾಟ್ಲಾ, ರೋಹು, ಮೃಗಾಲ್. ರಾಗಿಹಿಟ್ಟು ಬೇಯಿಸಿ, ಕಡಲೆಕಾಯಿ ಹಿಂಡಿ ಸೇರಿಸಿ ನಾದಿ, ಉಂಡೆ ಕಟ್ಟಿ, ಬೆಂಡು ಹಾಕಿ ಕಾಯೋದು. ಕಾಟ್ಲಾಗೆ ಬಾಯಿ ಮೇಲ್ಮುಖ, ಮೇಲುನೀರಲ್ಲಿ ಮೇಯುತ್ತೆ. ಮೃಗಾಲ್ ತಳದಲ್ಲಿ. ಅದಕ್ಕೇ ಎರಡು ಮೂರು ರಾಡನ್ನು ಬೇರೆ ಬೇರೆ ಆಳಕ್ಕೆ ಬಿಟ್ಟು ಕೂರುತ್ತೇವೆ. ಗಂಟೆಗಟ್ಟಲೆ ಕೈಯಲ್ಲಿ ಹಿಡಿಯೋಕಾಗಲ್ಲ ಅಲ್ವಾ?

ಮೊದಲು ತರಿಸಿದ್ದು ಪ್ಲಾಸ್ಟಿಕ್ಕಿನ ಕ್ಲ್ಯಾಂಪ್ ಹೋಲ್ಡರ್. ಆನ್‌ಲೈನಿನಲ್ಲಿ ಜೋಡಿಗೆ 1,100 ರೂಪಾಯಿ. ದೋಣಿಯ ಅಂಚಿಗೆ ಸಿಕ್ಕಿಸಿ ಕೆಳಗಿನಿಂದ ತಿರುಪು ಬಿಗಿ ಮಾಡಬೇಕು. ಇದರಲ್ಲೇ ಎರಡು ಜಾತಿ ಇವೆ, ನೋಡಿ ತರಿಸಿ. ಒಂದು ಗುಂಡು ಪೈಪಿನ ಕಂಬಿಗೆ ಹಿಡಿಯುವಂಥದ್ದು. ಅದು ಕಂಬಿ ಇರುವ ದೊಡ್ಡ ದೋಣಿಗೆ. ನಮ್ಮಂಥ ದೋಣಿಗೆ ಇರೋದು ಚಪ್ಪಟೆ ಅಂಚು, ಅದಕ್ಕೆ ಸಿ ಆಕಾರದ ಕ್ಲ್ಯಾಂಪೇ ಬೇಕು. ನಾನು ಸರಿಯಾದದ್ದನ್ನೇ ತರಿಸಿದ್ದೆ. ಹೋಲ್ಡರನ್ನು ಬೇಕಾದ ಕಡೆ ತಿರುಗಿಸೋಕೆ ಹಲ್ಲಿನ ಚಕ್ರ ಇತ್ತು. ದಾರ ಸುತ್ತೋ ರೀಲಿನ ಕಾಲು ಕೂರೋಕೆ ಸೀಳು ಇತ್ತು. ತೂತು ಕೊರೆಯೋ ತಲೆನೋವಿಲ್ಲ. ಮೊದಲ ತಿಂಗಳು ಕಂಡಕಂಡವರಿಗೆಲ್ಲ ತಗೊಳ್ಳಿ ಅಂದೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಿ.

ಆವತ್ತು ಮೋಡ ಮುಚ್ಚಿತ್ತು. ಬೆಳಿಗ್ಗೆ ಏಳೂವರೆ. ಬೆಂಡು ಎರಡು ಸಲ ತಲೆ ಆಡಿಸಿ ಸುಮ್ಮನಾಯಿತು. ಜಿಲೇಬಿ ಮೀನು ಕುಕ್ಕುತ್ತಿದೆ ಅಂದುಕೊಂಡು ನಾನು ಬಗ್ಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಟರ್ ಅಂತ ಒಂದು ಸದ್ದು. ರೀಲಿನ ಸದ್ದಲ್ಲ, ಹೋಲ್ಡರಿನ ಹಲ್ಲು ಜಾರಿದ ಸದ್ದು. ತಲೆ ಎತ್ತುವಷ್ಟರಲ್ಲಿ ಆಕಾಶ ನೋಡುತ್ತಿದ್ದ ಹೋಲ್ಡರ್ ನೀರಿನ ಕಡೆ ಬಾಯಿ ಮಾಡಿ ಬಗ್ಗಿತ್ತು. ರಾಡು ಅದರೊಳಗಿಂದ ಬಿಲ ಬಿಟ್ಟ ಹಾವಿನ ಹಾಗೆ ಜಾರಿಹೋಯಿತು. “ಭಾವ, ಕೋಲು ಓಯ್ತು, ಇಡ್ಕೊಳಿ!” ಅಂತ ಭಾವಮೈದ ಕೂಗಿದ. ಹಿಡಿಯೋಕೆ ನನ್ನ ಕೈಯಲ್ಲಿ ಕಾಫಿ ಇತ್ತು.

ಕ್ಲ್ಯಾಂಪ್ ಮಾತ್ರ ಅಲ್ಲಾಡಿರಲಿಲ್ಲ. ಅದು ಹಿಡಿದ ಅಂಚನ್ನು ಹಿಡಿದೇ ಇತ್ತು. ಜಾರಿದ್ದು ಒಳಗಿನ ಹಲ್ಲಿನ ಚಕ್ರ. ಬಿಚ್ಚಿ ನೋಡಿದರೆ ಹಲ್ಲುಗಳ ಮೂಲೆ ಸವೆದು ಗುಂಡಗಾಗಿದ್ದವು. ನ್ಯಾಯವಾಗಿ ಹೇಳಬೇಕೆಂದರೆ ಅರ್ಧ ತಪ್ಪು ನನ್ನದು. ಡ್ರ್ಯಾಗ್, ಅಂದರೆ ರೀಲಿನ ಬ್ರೇಕು, ಬಿಗಿ ಇಟ್ಟಿದ್ದೆ. ರಾಡನ್ನು ಹೋಲ್ಡರಿನಲ್ಲಿ ಇಟ್ಟ ಮೇಲೆ ಡ್ರ್ಯಾಗ್ ಸಡಿಲ ಮಾಡಲೇಬೇಕು. ಮೀನು ಎಳೆದರೆ ದಾರ ಬಿಚ್ಚಿಕೊಳ್ಳಬೇಕು, ರಾಡಿನ ಮೇಲೆ ಬೀಳಬಾರದು. ಅಷ್ಟು ಮಾಡಿದ್ದರೆ ಆ ಸವೆದ ಹಲ್ಲೂ ಇನ್ನಷ್ಟು ದಿನ ತಡೆಯುತ್ತಿತ್ತೇನೋ.

ಮೂರನೇ ದಿನ ಅಂಗಡಿಗೆ ಫೋನು ಬಂತು. ಕೆರೆಯಲ್ಲಿ ಬಲೆ ಎಳೆಯೋ ಹುಡುಗ. “ಅಣ್ಣೋ, ನಿಮ್ಮ ಕೋಲು ಬಲೇಲಿ ಸಿಕ್ತು. ಕೆಸ್ರು ಸೇರಿ ಮುಕ್ಕಾಲ್ ಕೆಜಿ ಅದೆ. ತೂಕಕ್ಕೆ ಆಕ್ಲಾ?” ಕರಾರು ಅಂದರೆ ಕರಾರು ತಾನೇ. ಮೀನು ಗಾಳ ಬಿಡಿಸಿಕೊಂಡು ಹೋಗಿತ್ತು. ರೀಲು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಮೋಟಾರು ಬೇರಿಂಗಿಗೆ ಹಾಕೋ ಗ್ರೀಸನ್ನೇ ತೆಳ್ಳಗೆ ಸವರಿ ಜೋಡಿಸಿದೆ. ಈಗಲೂ ತಿರುಗುತ್ತಿದೆ, ಸ್ವಲ್ಪ ಮರಳು ಅಗಿದ ಹಾಗೆ ಸದ್ದು ಮಾಡುತ್ತೆ.

ಕ್ಲ್ಯಾಂಪ್ ಹೋಲ್ಡರಿಗೆ ದೋಣಿಯ ಮೇಲೆ ಐದಕ್ಕೆ ಒಂದೂವರೆ ಸ್ಟಾರ್. ಜಿಲೇಬಿ, ಸಣ್ಣ ರೋಹು ಹಿಡಿಯುವವರಿಗೆ ಸಾಕು. ಅದನ್ನೀಗ ಅಂಗಡಿ ಬಾಗಿಲ ಪಕ್ಕದ ಮೇಜಿನಂಚಿಗೆ ಹಾಕಿದ್ದೇನೆ. ಮಳೆಯಲ್ಲಿ ಬಂದ ಗಿರಾಕಿಗಳು ಕೊಡೆ ಸಿಕ್ಕಿಸುತ್ತಾರೆ. ಕೊಡೆಗೆ ನಾಲ್ಕು ಸ್ಟಾರ್.

ಎರಡನೆಯದು ಸ್ಟೇನ್‌ಲೆಸ್ ಸ್ಟೀಲಿನದು. ದೋಣಿಗೆ ತೂತು ಕೊರೆದು ಒಳಗೆ ಇಳಿಸಿ ಕೂರಿಸೋ ನಮೂನೆ. ಮೇಲೆ ಮೊಟ್ಟೆ ಆಕಾರದ ತಟ್ಟೆ ಕಾಣುತ್ತೆ, ಕೊಳವೆ ಒಳಗಿರುತ್ತೆ. ಒಂದಕ್ಕೆ 1,400 ಕೊಟ್ಟು ಎರಡು ತರಿಸಿದೆ. ಕೊಳವೆ ನೆಟ್ಟಗಿರೋದು, 15 ಡಿಗ್ರಿ ವಾಲಿದ್ದು, 30 ಡಿಗ್ರಿ ವಾಲಿದ್ದು ಸಿಗುತ್ತವೆ. ಕಾದು ಕೂತು ಹಿಡಿಯುವವರಿಗೆ 30 ಸರಿ, ದಾರ ದೋಣಿಯಿಂದ ದೂರ ಬೀಳುತ್ತೆ. ಮಾರುವವನು 316 ಗ್ರೇಡ್ ಅಂತ ಜಾಸ್ತಿ ದುಡ್ಡು ಹೇಳಿದ. ಉಪ್ಪುನೀರಿಗೆ 316 ಬೇಕು, ಒಪ್ಪುತ್ತೇನೆ. ನಮ್ಮ ಕೆರೆ ನೀರಿಗೆ 304 ಸಾಕು. ನಾನು 304 ತಗೊಂಡೆ, ಎರಡು ಮಳೆಗಾಲ ಕಂಡಿದೆ, ತುಕ್ಕಿನ ಚುಕ್ಕೆ ಇಲ್ಲ.

ಇದನ್ನು ಕೂರಿಸೋದರಲ್ಲೇ ಎಲ್ಲ ಇರೋದು. ಸಾಮಾನು ಒಳ್ಳೆಯದೇ ಇದ್ದರೂ ಕೂರಿಸೋದು ತಪ್ಪಿದರೆ ದೋಣಿ ಹೋಯಿತು.

ಮೊದಲನೆಯದು ಜಾಗ. ನಮ್ಮ ದೋಣಿಯ ಅಂಚು ಆರು ಸೆಂಟಿಮೀಟರ್ ಅಗಲ, ಹೋಲ್ಡರಿನ ತಟ್ಟೆ ಎಂಟಕ್ಕಿಂತ ಜಾಸ್ತಿ. ಅಂಚಿನ ಮೇಲೆ ಕೂರಲ್ಲ. ಉಳಿದದ್ದು ಸೀಟುಗಳು. ಮುಂದಿನ ಸೀಟು ನಾಲ್ಕೂ ಕಡೆ ಮುಚ್ಚಿದ ಗಾಳಿಡಬ್ಬ. ದೋಣಿಗೆ ನೀರು ತುಂಬಿದರೂ ತಳ ಸೇರದಂತೆ ತೇಲಿಸೋದು ಅದೇ. ಅದಕ್ಕೆ ಡ್ರಿಲ್ಲು ತೋರಿಸಲೂಬಾರದು. ಹಿಂದಿನ ಸೀಟಿನ ಕೆಳಗೆ ಖಾಲಿ, ಬುತ್ತಿ ಇಡೋ ಜಾಗ, ಒಳಗಿಂದ ಕೈ ಹೋಗುತ್ತೆ. ಅದರ ಎರಡು ಮೂಲೆ ಆರಿಸಿದೆ. ಕೊರೆಯುವ ಮುಂಚೆ ದೋಣಿಯನ್ನು ನೀರಿಗಿಳಿಸಿ, ಹೋಲ್ಡರನ್ನು ಸುಮ್ನೆ ಟೇಪಿನಲ್ಲಿ ಅಂಟಿಸಿ, ರಾಡ್ ಸಿಕ್ಕಿಸಿ, ಹುಟ್ಟು ಹಾಕಿ ನೋಡಿದೆ. ಸದ್ಯ ಬದುಕಿದೆ. ನಾನು ಗುರುತು ಹಾಕಿದ್ದ ಜಾಗದಲ್ಲೇ ಕೊರೆದಿದ್ದರೆ ಹುಟ್ಟು ಹಾಕುವಾಗಲೆಲ್ಲ ಮೊಣಕೈ ರಾಡಿಗೆ ಬಡಿಯುತ್ತಿತ್ತು. ನಾಲ್ಕು ಇಂಚು ಹಿಂದಕ್ಕೆ ಸರಿಸಿದೆ.

ಫೈಬರ್ ಕೊರೆಯುವಾಗ ಮೇಲಿನ ಬಣ್ಣದ ಪದರ ಚಕ್ಕೆ ಏಳುತ್ತೆ. ಅದಕ್ಕೆ ಕಾಗದದ ಟೇಪು ಎರಡು ಸುತ್ತು ಅಂಟಿಸಿ, ಹೋಲ್ ಸಾ (ದುಂಡಗೆ ತೂತು ಕೊರೆಯೋ ಗರಗಸ) ಹಾಕಿದ ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಗೀರು ಬೀಳಿಸಿದೆ. ಆಮೇಲೆ ಸುಲ್ಟಾ. ಪುಡಿ ಹಾರುತ್ತೆ, ಮೂಗಿಗೆ ಮಾಸ್ಕ್ ಬೇಕೇ ಬೇಕು. ತೋಳು ತುಂಬಿದ ಅಂಗಿ ಹಾಕದೆ ಕೂತಿದ್ದಕ್ಕೆ ಎರಡು ದಿನ ಮೈ ಕೆರೆದುಕೊಂಡೆ. ಮನೆಯವಳು ನನ್ನ ಬಟ್ಟೆ ಬೇರೆ ಬಕೆಟ್ಟಿಗೆ ಹಾಕಿದಳು.

ಮೂರು ಬೋಲ್ಟು, ಕೆಳಗೆ ವಾಷರು, ನಟ್ಟು. ಸಂದಿಗೆ ಸಿಲಿಕೋನ್ ಅಂಟು. ಮುಗೀತು ಅಂದುಕೊಂಡೆ. ಎರಡು ವಾರಕ್ಕೆ ಬೋಲ್ಟಿನ ಸುತ್ತ ಕೂದಲೆಳೆಯಂಥ ಬಿರುಕು ನಕ್ಷತ್ರದ ಹಾಗೆ ಹರಡಿತ್ತು. ಆಗಲೇ ನನ್ನ ದಡ್ಡತನ ಹೊಳೆದದ್ದು. ಹಾರೆ ಹಾಕಿ ಕಲ್ಲು ಮೀಟುವಾಗ ಏನಾಗುತ್ತೆ? ಆ ತುದಿಯಲ್ಲಿ ಒಬ್ಬ ಮೈಭಾರ ಬಿಟ್ಟರೆ ಈ ತುದಿಯಲ್ಲಿ ಬಂಡೆ ಏಳುತ್ತೆ. ರಾಡೂ ಒಂದು ಹಾರೆ. ಅದರ ತುದಿ ಹೋಲ್ಡರಿನಿಂದ ಎರಡು ಮೀಟರ್ ದೂರ, ಹೋಲ್ಡರಿನ ಬೋಲ್ಟುಗಳ ಅಂತರ ಸುಮಾರು ಹತ್ತು ಸೆಂಟಿಮೀಟರ್. ತುದಿಗೆ ಎರಡು ಕೆಜಿ ಎಳೆತ ಬಿದ್ದರೆ ಬೋಲ್ಟಿನ ಮೇಲೆ ಬೀಳೋದು ನಲವತ್ತು ಕೆಜಿಯಷ್ಟು. ರಾಡ್ ಬಾಗೋದರಿಂದ ಒಂದಷ್ಟು ಕಡಿಮೆಯಾಗುತ್ತೆ, ಆದರೂ ರೂಪಾಯಿ ನಾಣ್ಯದಗಲದ ವಾಷರ್ ಅದನ್ನು ಹೇಗೆ ತಡೆಯುತ್ತೆ? ಸ್ಟೀಲು ಗಟ್ಟಿ, ಬೋಲ್ಟು ಗಟ್ಟಿ, ನಡುವೆ ಸಿಕ್ಕಿದ ನಾಲ್ಕು ಮಿಲಿಮೀಟರ್ ಫೈಬರ್ ಪಾಪ ಏನು ಮಾಡಬೇಕು.

ಇದಕ್ಕೆ ಮದ್ದು ನನ್ನ ಅಂಗಡಿಯಲ್ಲೇ ಬಿದ್ದಿತ್ತು. ಹೈಲಂ ಶೀಟ್. ಮೋಟಾರಿನ ಟರ್ಮಿನಲ್ ಬೋರ್ಡ್ ಮಾಡೋಕೆ ಬಳಸೋ ಕಂದು ಬಣ್ಣದ ಹಲಗೆ. ಆರು ಮಿಲಿಮೀಟರ್ ದಪ್ಪದ್ದು ತಗೊಂಡು, ಅಂಗೈ ಚಾಚಿದಷ್ಟು ಅಗಲಕ್ಕೆ ಕತ್ತರಿಸಿ, ಮೂಲೆ ಉಜ್ಜಿ ಗುಂಡು ಮಾಡಿ, ಬೋಲ್ಟಿನ ತೂತು ಹೊಡೆದೆ. ಕತ್ತರಿಸಿದ ಅಂಚಿನಿಂದ ಹೈಲಂ ನೀರು ಕುಡಿಯುತ್ತೆ. ಅದಕ್ಕೆ ವೈಂಡಿಂಗಿಗೆ ಹಾಕೋ ವಾರ್ನಿಶ್‌ನಲ್ಲಿ ಮುಳುಗಿಸಿ, ತಂತಿಗೆ ನೇತುಹಾಕಿ ಒಣಗಿಸಿದೆ. ಸೀಟಿನ ಕೆಳಗಿಂದ ಅದನ್ನು ಕೊಟ್ಟು ಬೋಲ್ಟು ಬಿಗಿದರೆ ಎಳೆತ ಅಷ್ಟಗಲಕ್ಕೂ ಹಂಚಿಹೋಗುತ್ತೆ. ಈ ಕೆಲಸ ಆಗಿ ಒಂದು ವರ್ಷದ ಮೇಲಾಯಿತು. ಹಳೇ ಬಿರುಕು ಅಲ್ಲೇ ನಿಂತಿದೆ, ಒಂದು ಎಳೆಯೂ ಮುಂದೆ ಹೋಗಿಲ್ಲ. ಹೈಲಂ ಸಿಗದಿದ್ದರೆ ಅಲ್ಯುಮಿನಿಯಂ ತಗಡು ಆದೀತು, ಆದರೆ ಸ್ಟೀಲ್ ಬೋಲ್ಟು ತಾಗುವ ಕಡೆ ಒದ್ದೆಯಾಗಿದ್ದರೆ ಅಲ್ಯುಮಿನಿಯಂ ತಿಂದುಹೋಗುತ್ತೆ. ನಡುವೆ ರಬ್ಬರ್ ಕೊಡಿ.

ಇಷ್ಟೆಲ್ಲ ಬೇಕಾಗಿದ್ದರೂ ಹೋಲ್ಡರ್ ಜೊತೆ ಕೆಳಗೆ ಹಾಕೋ ಅಂಥ ಹಲಗೆ ಕೊಡಲ್ಲ, ಹಾಕಬೇಕು ಅಂತ ಚೀಟಿಯಲ್ಲೂ ಬರೆದಿಲ್ಲ. ಅದಕ್ಕೆ ನನ್ನ ಒಂದು ಸ್ಟಾರ್ ಕಡಿತ.

ಇನ್ನೊಂದು ಅರ್ಧ ಸ್ಟಾರ್ ಬುಡದಲ್ಲಿರುವ ಅಡ್ಡಕಡ್ಡಿಗೆ. ಸಮುದ್ರದ ದೊಡ್ಡ ರಾಡುಗಳ ಬುಡದಲ್ಲಿ ಕೂಡಿಸೋ ಗುರುತಿನ (+) ಆಕಾರದ ಕಚ್ಚು ಇರುತ್ತೆ, ಈ ಕಡ್ಡಿ ಅದಕ್ಕೆ. ನಮ್ಮ ರಾಡಿಗೆ ಕಚ್ಚಿಲ್ಲ, ಕಡ್ಡಿ ಸುಮ್ನೆ ಬುಡದ ಕಾರ್ಕನ್ನು ಕೊರೆಯುತ್ತೆ. ಸೈಕಲ್ ಟ್ಯೂಬು ಮಡಿಸಿ ಒಳಗೆ ತುರುಕಿದ್ದೇನೆ. ಕೆಳಗೆ ನೇತಾಡುವ ಸ್ಪಿನ್ನಿಂಗ್ ರೀಲಿನ ಕಾಲಿಗೆ ಸೀಳೂ ಇಲ್ಲ, ರಾಡ್ ತಿರುಗಿಕೊಳ್ಳುತ್ತೆ. ಅದಕ್ಕೂ ಟ್ಯೂಬೇ ಗತಿ: ಒಂದು ಬಳೆ ಕತ್ತರಿಸಿ ರಾಡಿಗೆ ಹಾಕಿ ಹೋಲ್ಡರಿನ ಅಂಚಿಗೆ ಕೊಕ್ಕೆ ಹಾಕೋದು. ರಾಡ್ ನೀರಿಗೆ ಹಾರದಂತೆ ಕಾವಲೂ ಆಯಿತು. ಒಟ್ಟು ಮೂರೂವರೆ ಸ್ಟಾರ್. ಮೀನು ಬಿದ್ದಾಗ ಟ್ಯೂಬು ತಪ್ಪಿಸಿ ಒಂದೇ ಕೈಯಲ್ಲಿ ಮೇಲಕ್ಕೆ ಎಳೆದರೆ ರಾಡು ಕೈಗೆ ಬರುತ್ತೆ. ಹೋಲ್ಡರ್ ಕೊಳ್ಳುವಾಗ ಇದನ್ನು ಅಂಗಡಿಯಲ್ಲೇ ಮಾಡಿ ನೋಡಿ. ಎರಡು ಕೈ ಬೇಕಾಗೋ ಹೋಲ್ಡರನ್ನು ಅಲ್ಲೇ ಬಿಟ್ಟು ಬನ್ನಿ.

ಮೂರನೆಯದಕ್ಕೆ ಕಂಪನಿಯೂ ಇಲ್ಲ, ಡಬ್ಬವೂ ಇಲ್ಲ. ಪಿವಿಸಿ ಪೈಪು. ಸ್ಟೀಲಿನದು ರಾಡ್ ನೀರಿಗೆ ಬಿಟ್ಟು ಕೂರೋಕೆ. ಕೆಲಸವಿಲ್ಲದ ರಾಡುಗಳ ಗತಿ? ಮುರಿಯೋದು ಅವೇ ಅಲ್ವಾ. 63 ಮಿಲಿಮೀಟರಿನ ಪೈಪು ಮೂರಡಿಯ ಎರಡು ತುಂಡು, ದೋಣಿಯ ಒಳಮೈಗೆ ಅಂಚಿನ ಕೆಳಗೆ, ಮಲಗಿಸಿ ಕಟ್ಟಿದ್ದೇನೆ. ರಾಡಿನ ತುದಿ ಅದರೊಳಗೆ ಹೋಗುತ್ತೆ. ಹಿಡಿಯ ಕಡೆ ಕಚ್ಚು ಹೊಡೆದ ಮರದ ತುಂಡಿನ ಮೇಲೆ ಕೂತು, ಮೇಲೆ ಟ್ಯೂಬಿನ ಪಟ್ಟಿ. ಸಪೂರ ಪೈಪು ತಗೊಂಡರೆ ರೀಲಿನ ಹತ್ತಿರದ ದೊಡ್ಡ ರಿಂಗು ಸಿಕ್ಕಿಕೊಳ್ಳುತ್ತೆ, ಅದಕ್ಕೇ 63.

ಕತ್ತರಿಸಿದ ಪೈಪಿನ ಬಾಯಿ ಚೂಪು, ದಾರವನ್ನು ಕೆರೆಯುತ್ತೆ. ಪ್ಲಂಬರುಗಳು ಮಾಡೋ ಉಪಾಯವನ್ನೇ ಮಾಡಿದೆ. ಬ್ಲೋ ಲ್ಯಾಂಪಿನ ಉರಿಯಿಂದ ಗೇಣು ದೂರ ಹಿಡಿದು ತಿರುಗಿಸುತ್ತಾ ಕಾಯಿಸಬೇಕು. ಕಪ್ಪಗಾಗಬಾರದು, ಪಿವಿಸಿ ಸುಟ್ಟ ಹೊಗೆ ಕೆಟ್ಟದ್ದು, ಬಯಲಲ್ಲೇ ಮಾಡಿ. ಬಾಯಿ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾದ ಕ್ಷಣಕ್ಕೆ ಸ್ಟೀಲ್ ಚೊಂಬಿನ ತಳಕ್ಕೆ ಒತ್ತಿ ಹಿಡಿದೆ. ಒದ್ದೆ ಬಟ್ಟೆ ಸುತ್ತಿ ಆರಿಸಿದರೆ ನಾದಸ್ವರದ ಬಾಯಿಯ ಹಾಗೆ ಅಗಲಿಸಿ ನಿಂತಿತು. ಕತ್ತಲಲ್ಲೂ ತುದಿ ತಡವರಿಸದೆ ಒಳಗೆ ಹೋಗುತ್ತೆ. ಚೊಂಬು ಮನೆಯದು. ಕೇಳಿದರೆ ಅಂಗಡಿಯದು ಅನ್ನುತ್ತೇನೆ. ಒಟ್ಟು ಖರ್ಚು 320 ರೂಪಾಯಿ. ಪೈಪು ಹಾಕಿದ ಮೇಲೆ ಒಂದು ರಾಡೂ ಮುರಿದಿಲ್ಲ. ಐದಕ್ಕೆ ಐದು ಕೊಡುತ್ತೇನೆ, ನಾನೇ ಮಾಡಿದ್ದು ಅಂತಲ್ಲ. ಸರಿ, ಸ್ವಲ್ಪ ಅದಕ್ಕೂ. ಬಿಸಿಲಿಗೆ ಪಿವಿಸಿ ವರ್ಷಗಳು ಕಳೆದಂತೆ ಪೆಡಸಾಗುತ್ತೆ, ಒಂದು ಕೋಟು ಪೇಂಟ್ ಹೊಡೆದುಬಿಡಿ.

ರಾಡುಗಳನ್ನು ನೆಟ್ಟಗೆ ನಿಲ್ಲಿಸೋ ಸ್ಟ್ಯಾಂಡು ಯಾಕೆ ಹಾಕಲಿಲ್ಲ ಅಂತ ಕೆಲವರು ಕೇಳಿದರು. ಜಾಗ ಉಳಿಯುತ್ತೆ, ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತೆ. ನಾನು ಕರೆಂಟಿನವನು, ನನಗೆ ಅದು ಬೇಡ. ಈಗಿನ ರಾಡುಗಳು ಬಹಳಷ್ಟು ಕಾರ್ಬನ್ನಿನವು. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತೆ. ನಮ್ಮ ಕೆರೆ ಏರಿಯ ಪಕ್ಕದಲ್ಲೇ ಪಂಪ್‌ಸೆಟ್ಟುಗಳಿಗೆ ಹೋಗೋ 11 ಕೆವಿ ಲೈನು ಇದೆ. ಬೇಸಿಗೆಯ ಬಿಸಿಗೆ ತಂತಿ ಜೋಲುತ್ತೆ. ದೋಣಿಯನ್ನು ದಡಕ್ಕೆ ಎಳೆಯುವಾಗ ಏಳಡಿ ರಾಡು ನೆಟ್ಟಗೆ ನಿಂತಿದ್ದರೆ? ತಂತಿಗೆ ತಾಗಲೇಬೇಕೆಂದಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತೆ. ಇನ್ನು ಭರಣಿ, ಕೃತ್ತಿಕೆ ಮಳೆ ಹೊತ್ತಿನಲ್ಲಿ ಸಿಡಿಲು. ಬಯಲು ಕೆರೆಯ ನಡುವೆ ಎಲ್ಲಕ್ಕಿಂತ ಎತ್ತರ ಇರೋದು ನೀವು ಮತ್ತು ನಿಮ್ಮ ರಾಡು. ಗುಡುಗು ಕೇಳಿದರೆ ರಾಡು ಮಲಗಿಸಿ ದಡ ಸೇರಿ. ಪೈಪಿನಲ್ಲಿ ಮಲಗಿಸೋದಕ್ಕೆ ಇದೂ ಒಂದು ಕಾರಣ.

ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಮೈಸೂರಿನ ಸ್ನೇಹಿತರೊಬ್ಬರು ತಡೆದರು. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಮನೆತನದವರು (ಮೈಸೂರಿನಲ್ಲಿ ಬೇಟೆ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುತ್ತಿದ್ದವರು) ರಾಡಿನಲ್ಲೇ 120 ಪೌಂಡಿನ ಮಾಹಸೀರ್ ಮೀನು ಹಿಡಿದಿದ್ದರು, ನೀವು ಆರು ಕೆಜಿ ಕಾಟ್ಲಾಗೆ ಇಷ್ಟು ನಟ್ಟು ಬೋಲ್ಟು ಬಿಗಿದಿದ್ದೀರಲ್ಲ ಅಂದರು. 120 ಪೌಂಡು ಅಂದರೆ ಐವತ್ನಾಲ್ಕು ಕೆಜಿ. ನಾನು ಏನು ಹೇಳಲಿ, ಟೀ ದುಡ್ಡು ಅವರಿಂದಲೇ ಕೊಡಿಸಿದೆ.

ತರಿಸಿದ ಎರಡು ಸ್ಟೀಲ್ ಹೋಲ್ಡರಿನಲ್ಲಿ ಒಂದು ಇನ್ನೂ ಡಬ್ಬದಲ್ಲೇ ಇದೆ. ಎಡಗಡೆ ಮೂಲೆಗೆ ಅದು ಬೇಕೆಂದು ಭಾವಮೈದ ವಾರಕ್ಕೆರಡು ಸಲ ಫೋನು ಮಾಡುತ್ತಾನೆ. ಹೈಲಂ ತುಂಡು ಕತ್ತರಿಸಿ ವಾರ್ನಿಶ್‌ನಲ್ಲಿ ಅದ್ದಿ ಅಂಗಡಿಯ ಸೂರಿಗೆ ನೇತುಹಾಕಿದ್ದೇನೆ, ಒಣಗಿದೆ. ಅಷ್ಟರಲ್ಲಿ ನಿನ್ನೆ ಸಂಜೆ ಏಳೂವರೆ ಎಚ್‌ಪಿಯ ಎರಡು ಮೋಟಾರು ಬಂದು ಬಾಗಿಲಲ್ಲಿ ಕೂತಿವೆ. ಭಾನುವಾರ ಕೊರೆಯಬೇಕು, ಈ ಸಲ ತೋಳು ತುಂಬಿದ ಅಂಗಿ ಹಾಕಿಕೊಂಡು.